ಕೇಳಿದ ದುಃಖ

ಮೊಹರಮ್ಮಿನ ಹತ್ತು ದಿನಗಳಲ್ಲಿ ಆಳಂದ, ಅಫಜಲಪುರ, ಜೇವರ್ಗಿ ಸೀಮೆಯ ಅನೇಕ ಹಳ್ಳಿಗಳಲ್ಲಿ ರಾತ್ರಿ ಹೊತ್ತು ಒಂದು ಬಗೆಯ ಹಾಡು ಕೇಳಿಬರುತ್ತದೆ. ಮಸೂತಿಯ ಮುಂದೆ ಅಲಾಯಿ ಕುಣಿ. ಅದರಲ್ಲಿ ಉರಿಯುವ ಕೊರಡು. ಸುತ್ತ ಹೆಜ್ಜೆ ಹಾಕುವ ಗಂಡಸರು. ಒಬ್ಬನು ಸೊಲ್ಲೆತ್ತುತ್ತಾನೆ, ಉಳಿದವರು ಅದನ್ನೇ ಮರಳಿ ಹಿಡಿಯುತ್ತಾರೆ. ಭಾಷೆ ಅಚ್ಚ ಕನ್ನಡ, ಅದರಲ್ಲಿಯೂ ನಮ್ಮ ಕಡೆಯ ಕನ್ನಡ. ಕಥೆ ಮಾತ್ರ ಇಲ್ಲಿಯದಲ್ಲ. ಕ್ರಿ. ಶ. 680ರ ಅಕ್ಟೋಬರಿನಲ್ಲಿ, ಇಂದಿನ ಇರಾಕಿನ ಕರ್ಬಲಾ ಎಂಬ ಬಯಲಿನಲ್ಲಿ, ಪೈಗಂಬರರ ಮೊಮ್ಮಗ ಹುಸೇನರೂ ಅವರ ಕಡೆಯ ಕೆಲವೇ ಜನರೂ ಯಜೀದನ ದೊಡ್ಡ ಸೈನ್ಯದ ನಡುವೆ ಸಿಕ್ಕಿ ಮಡಿದ ಕಥೆ. ಫುರಾತ್ ನದಿ ಹತ್ತಿರದಲ್ಲಿಯೇ ಹರಿಯುತ್ತಿತ್ತು. ಅದರ ನೀರನ್ನು ಅವರಿಗೆ ಮುಟ್ಟಗೊಡಲಿಲ್ಲ. ನೀರು ತರಹೋದ ಅಬ್ಬಾಸನ ತೋಳು ಕತ್ತರಿಸಿ ಬಿತ್ತು. ಬಾಯಾರಿದ ಹಸುಗೂಸಿಗೆ ಬಾಣ ತಗಲಿತು. ಇದನ್ನೆಲ್ಲ ಬಿಡಿಸಿ ಬಿಡಿಸಿ ಹೇಳುವ ಈ ಪದಗಳಿಗೆ ನಮ್ಮಲ್ಲಿ ರಿವಾಯತ್ ಎನ್ನುತ್ತಾರೆ.

ಹಾಡುವವರಲ್ಲಿ ಅನೇಕರು ಮುಸಲ್ಮಾನರಲ್ಲ. ಕುರುಬರಿದ್ದಾರೆ, ಕಬ್ಬಲಿಗರಿದ್ದಾರೆ, ಲಿಂಗಾಯತರಿದ್ದಾರೆ, ದಲಿತರ ಕೇರಿಯವರಿದ್ದಾರೆ. ಕರ್ಬಲಾ ಯಾವ ದಿಕ್ಕಿಗಿದೆ ಎಂದು ಕೇಳಿದರೆ ಅವರಲ್ಲಿ ಎಷ್ಟೋ ಜನ ಹೇಳಲಾರರು. ಹಸನರು ಹುಸೇನರಿಗಿಂತ ಹತ್ತು ವರ್ಷ ಮೊದಲೇ, 670ರಲ್ಲಿ, ತೀರಿಕೊಂಡಿದ್ದರೆಂಬುದೂ ಅವರಿಗೆ ಬೇಕಾಗಿಲ್ಲ. ಹಾಡಿನಲ್ಲಿ ಆ ಅಣ್ಣತಮ್ಮಂದಿರು ಜೋಡೆತ್ತಿನಂತೆ ಜೊತೆಗೇ ಬರುತ್ತಾರೆ. ಆದರೂ ಹಸುಗೂಸಿನ ಪ್ರಸಂಗ ಬಂದಾಗ ಕಟ್ಟೆಯ ಮೇಲೆ ಕುಳಿತ ಹೆಂಗಸರು ಸೆರಗಿನಿಂದ ಕಣ್ಣೊರಸಿಕೊಳ್ಳುತ್ತಾರೆ. ಸಾವಿರದ ಮುನ್ನೂರು ವರ್ಷಗಳ ಹಿಂದಿನ, ಸಮುದ್ರದಾಚೆಯ, ತನ್ನ ಕುಲಕ್ಕೂ ಮತಕ್ಕೂ ಸೇರದ ಒಂದು ಸಾವಿಗಾಗಿ ಜೋಳದ ಹೊಲದವನೊಬ್ಬನು ಹಾಡುತ್ತಾನೆ, ಅವನ ನೆರೆಯವರು ಅಳುತ್ತಾರೆ. ಈ ಅಳು ನಿಜವೋ? ನಿಜವಾದರೆ ಅದಕ್ಕೆ ಏನು ಬೆಲೆ?

ಈ ಪ್ರಶ್ನೆಯನ್ನು ನನ್ನ ಮುಂದಿಟ್ಟವನು ನನ್ನ ತಂಗಿಯ ಮಗ. ಅವನಿಗೆ ಆಸ್ಟ್ರೇಲಿಯದ ಒಂದು ಹಾಡುಗಾರರ ತಂಡದ ಹುಚ್ಚು. ‘ದಿ ಗೋ-ಬಿಟ್ವೀನ್ಸ್’ ಎಂದು ಅದರ ಹೆಸರು. 1977ರಲ್ಲಿ ಬ್ರಿಸ್ಬೇನ್ ನಗರದಲ್ಲಿ ರಾಬರ್ಟ್ ಫಾರ್ಸ್ಟರ್, ಗ್ರಾಂಟ್ ಮೆಕ್ಲೆನನ್ ಎಂಬ ಇಬ್ಬರು ವಿದ್ಯಾರ್ಥಿಗಳು ಕೂಡಿಕೊಂಡು ಕಟ್ಟಿದ್ದು. ಮರುವರ್ಷವೇ ದೊಡ್ಡ ಕಂಪನಿಗಳ ಹಂಗಿಲ್ಲದೆ ತಮ್ಮ ಮೊದಲ ಮುದ್ರಿಕೆಯನ್ನು ಹೊರತಂದರು. ಇಂಥ ಸ್ವತಂತ್ರರ ಹಾಡಿಗೆ ಅತ್ತಲವರು ‘ಇಂಡೀ’ ಎನ್ನುತ್ತಾರಂತೆ. ಇಂಡಿಯೆಂದರೆ ಅಫಜಲಪುರದ ಪಕ್ಕದ ತಾಲೂಕು, ಲಿಂಬೆಹಣ್ಣಿಗೆ ಹೆಸರಾದದ್ದು ಎಂದಷ್ಟೇ ತಿಳಿದಿದ್ದ ನನಗೆ ಇದು ಹೊಸ ಮಾತು. 1983ರಲ್ಲಿ ಬಂದ ಅವರ ‘ಕ್ಯಾಟಲ್ ಆ್ಯಂಡ್ ಕೇನ್’ ಎಂಬ ಹಾಡನ್ನು ಹುಡುಗ ನನಗೆ ಎರಡು ಸಲ ಕೇಳಿಸಿದ. ಮೆಕ್ಲೆನನ್ ಚಿಕ್ಕಂದಿನಲ್ಲಿಯೇ ತಂದೆಯನ್ನು ಕಳೆದುಕೊಂಡವನು; ಕ್ವೀನ್ಸ್‌ಲೆಂಡಿನ ಕಬ್ಬಿನ ಹೊಲ, ದನಗಳ ಬಯಲು, ತನ್ನ ಬಾಲ್ಯದ ನೆನಪು, ಇವೇ ಅದರ ವಸ್ತು. ಮಾತು ಪೂರ್ತಿ ಹಿಡಿತಕ್ಕೆ ಸಿಗದಿದ್ದರೂ ದನಿಯಲ್ಲಿದ್ದ ಕಳವಳ ನನ್ನನ್ನು ತಟ್ಟದೆ ಬಿಡಲಿಲ್ಲ.

“ನೋಡ್ರಿ ಮಾಮಾ,” ಎಂದ ಹುಡುಗ, “ಇವ್ರು ತಮ್ಮ ಬಾಳಿನಾಗ ಆದದ್ದು ಹಾಡ್ತಾರ. ನಮ್ಮೂರವ್ರು ಯಾರೋ ಎಲ್ಲೋ ಸತ್ತದ್ದಕ್ಕ ಅಳ್ತಾರ. ಅದು ಖರೇ ಅಳು ಹ್ಯಾಂಗ ಆಗ್ತದ?”

ಇದು ಆ ಹುಡುಗನೊಬ್ಬನ ಅಭಿಪ್ರಾಯವಲ್ಲ. ನಮ್ಮ ಕಾಲದ ಅಭಿಪ್ರಾಯ. ಕವಿಯಾಗಲಿ ಗಾಯಕನಾಗಲಿ ತಾನು ಅನುಭವಿಸಿದ್ದನ್ನೇ ಹೇಳಬೇಕು, ಉಳಿದದ್ದು ವೇಷ ಎಂದು ನಾವು ನಂಬುತ್ತ ಬಂದಿದ್ದೇವೆ. ನವೋದಯದ ಭಾವಗೀತೆ ನಮಗೆ ಕಲಿಸಿದ್ದೂ ಬಹುಮಟ್ಟಿಗೆ ಇದನ್ನೇ. ಇದರಲ್ಲಿ ಒಂದು ನ್ಯಾಯವೂ ಇದೆ. ಅನ್ಯರ ನೋವನ್ನು ಎರವಲು ತಂದು ಮೆರೆಸುವವರನ್ನು ನಾವು ಕಂಡಿಲ್ಲವೆ? ಚುನಾವಣೆಯ ಕಾಲದಲ್ಲಿ ಬಡವರ ಹಸಿವಿನ ಮಾತೆತ್ತಿ ಗಂಟಲು ಗದ್ಗದ ಮಾಡಿಕೊಳ್ಳುವವರಿಗೆ ಏನೂ ಕೊರತೆಯಿಲ್ಲ. ಇನ್ನೊಬ್ಬರ ದುಃಖದ ಮೇಲೆ ನನಗೇನು ಹಕ್ಕು ಎಂದು ಅಳುಕುವುದು ಸಜ್ಜನಿಕೆಯ ಲಕ್ಷಣವೇ ಸರಿ.

ಆದರೆ ರಿವಾಯತಿನವನು ಕರ್ಬಲೆಯ ದುಃಖವನ್ನು ತನ್ನದೆಂದು ಹೇಳಿಕೊಳ್ಳುತ್ತಿದ್ದಾನೆಯೆ? ಆ ಹೆಸರಿನಲ್ಲಿಯೇ ಉತ್ತರವಿದೆ. ರಿವಾಯತ್ ಎಂಬ ಅರಬ್ಬೀ ಮೂಲದ ಮಾತಿಗೆ ಕೇಳಿದ್ದನ್ನು ಕೇಳಿದಂತೆ ಮುಂದಿನವರಿಗೆ ಮುಟ್ಟಿಸುವುದು ಎಂದು ಅರ್ಥ. ಪೈಗಂಬರರ ನಡೆನುಡಿಗಳು ಹೀಗೆಯೇ ಉಳಿದುಬಂದವು: ನಾನು ಇಂಥವರಿಂದ ಕೇಳಿದೆ, ಅವರು ಇಂಥವರಿಂದ ಕೇಳಿದ್ದರು, ಅವರು ಕಣ್ಣಾರೆ ಕಂಡವರು ಎಂದು ಹೆಸರು ಹೆಸರು ಕೊಂಡಿ ಹಾಕುತ್ತ ಹೋಗುವ ಪದ್ಧತಿ. ಅಲ್ಲಿ ಹೇಳುವವನ ಸತ್ಯವೆಂದರೆ ಅನುಭವಿಸಿದವನ ಸತ್ಯವಲ್ಲ, ಸಾಕ್ಷಿಯ ಸತ್ಯ. ಸಾಕ್ಷಿಗೆ ಬಂದವನನ್ನು ನಿನಗೆ ಎಷ್ಟು ನೋವಾಯಿತು ಎಂದು ಯಾರೂ ಕೇಳುವುದಿಲ್ಲ. ಹೇಳಬೇಕಾದದ್ದನ್ನು ಬಿಡದೆ, ಬೆರೆಸದೆ ಹೇಳಿದೆಯಾ ಎಂದು ಕೇಳುತ್ತಾರೆ. ಬೆರೆಸದೆ ಎಂದೆನಲ್ಲ, ಹಾಡಿನವರು ಧಾರಾಳವಾಗಿಯೇ ಬೆರೆಸಿದ್ದಾರೆ. ಖಾಸೀಮನ ಮದುವೆ ರಣರಂಗದಲ್ಲಿಯೇ ನಡೆಯಿತೆಂಬ ಪ್ರಸಂಗವನ್ನು ಇತಿಹಾಸಕಾರರು ಒಪ್ಪುವುದಿಲ್ಲ. ಅರಬ್ಬೀ ತಾಯಂದಿರು ನಮ್ಮ ಕಡೆಯ ತಾಯಂದಿರಂತೆಯೇ ಹಾಡಾಡಿ ಅಳುತ್ತಾರೆ. ಅದಿರಲಿ. ನಡುವಿನ ಮುಖ್ಯ ಮಾತು, ನೀರು ಕೊಡಲಿಲ್ಲ ಎಂಬ ಮಾತು, ಎಲ್ಲಿಯೂ ಕದಲಿಲ್ಲ.

ಮೇಳವೊಂದರಲ್ಲಿ ಬಹಳ ವರ್ಷ ಮುಂದೆ ನಿಂತು ಹಾಡಿದ ಮುದುಕರೊಬ್ಬರನ್ನು ಕೇಳಿದ್ದುಂಟು: “ಮುತ್ಯಾ, ಹಾಡುವಾಗ ನಿಮಗ ಅಳು ಬರ್ತದೇನ್ರಿ?” ಅವರು ನನ್ನನ್ನು ಸ್ವಲ್ಪ ಕನಿಕರದಿಂದಲೇ ನೋಡಿದರು. “ನಾ ಅತ್ಕೋತ ಕುಂತರ ಪದ ಯಾರ್ ಹೇಳ್ಬೇಕ್ರಿ ಸರ? ಅಳೋರು ಕಟ್ಟಿ ಮ್ಯಾಲ ಕುಂತಾರಲ್ಲ. ನಂದು ಮುಟ್ಟಸೋ ಕೆಲಸ.”

ಮುಟ್ಟಿಸುವ ಕೆಲಸ. ‘ಗೋ-ಬಿಟ್ವೀನ್’ ಎಂದರೂ ಅದೇ ಅರ್ಥವಂತೆ: ಇಬ್ಬರ ನಡುವೆ ಓಡಾಡಿ ಮಾತು ಒಯ್ಯುವವನು. ಹುಡುಗನ ಮೆಚ್ಚಿನ ತಂಡದ ಹೆಸರೇ ನಮ್ಮ ಮುತ್ಯಾನ ಪಕ್ಷ ವಹಿಸಿತೆಂದು ನನಗೆ ನಗು ಬಂತು. ಸ್ವಾತಂತ್ರ್ಯದ ಮಾತಿಗೆ ಬಂದರೂ ಈ ಮೇಳಗಳು ಯಾರಿಗೂ ಕಡಿಮೆಯಲ್ಲ. ಕಂಪನಿಯಿಲ್ಲ, ಕರಾರಿಲ್ಲ. ಊರವರು ಓದಿಸಿದ ಸಕ್ಕರೆ, ಹರಕೆಯ ಚೊಂಗೆ, ಮಾಲೀದಿ, ಹೆಚ್ಚೆಂದರೆ ಒಂದು ಟವೆಲು. ಪದಗಳು ಶಾಲೆಯ ಹುಡುಗರ ಹಳೆಯ ವಹಿಗಳಲ್ಲಿ ಬರೆದಿಟ್ಟವು. ಈಗೀಗ ಮೊಬೈಲ್ ಫೋನಿನೊಳಗೂ ಸೇರಿವೆ.

ನಮ್ಮ ಅಲಂಕಾರಿಕರು ಈ ತೊಡಕನ್ನು ಬಹು ಹಿಂದೆಯೇ ಬಿಡಿಸಿದ್ದಾರೆಂದು ಓದಿದವರು ಹೇಳಬಹುದು. ರಂಗದ ಮೇಲಿನ ಶೋಕ ನಟನದೂ ಅಲ್ಲ, ರಾಮನದೂ ಅಲ್ಲ, ಪ್ರೇಕ್ಷಕನದೂ ಅಲ್ಲ. ‘ನನ್ನದು, ಅವನದು’ ಎಂಬ ಕಟ್ಟು ಕಳಚಿದಾಗಲೇ ಅದು ಕರುಣರಸವಾಗುತ್ತದೆ. ಭಟ್ಟನಾಯಕನು ಇದಕ್ಕೆ ಸಾಧಾರಣೀಕರಣವೆಂದ. ಅಭಿನವಗುಪ್ತನು ಅದನ್ನು ಬೆಳೆಸಿದ. ತೀ. ನಂ. ಶ್ರೀಕಂಠಯ್ಯನವರು 1953ರ ‘ಭಾರತೀಯ ಕಾವ್ಯಮೀಮಾಂಸೆ’ಯಲ್ಲಿ ಈ ವಿಚಾರವನ್ನು ಕನ್ನಡಿಗರಿಗೆ ತಿಳಿಯಹೇಳಿದ್ದಾರೆ. ಸುಂದರವಾದ ವಿಚಾರ. ಆದರೆ ಅಲಾಯಿ ಕುಣಿಯ ಮುಂದೆ ಅದು ನನಗೆ ಪೂರ್ತಿ ಸಾಲದೆನಿಸುತ್ತದೆ. ರಿವಾಯತಿನ ದುಃಖ ವಾರಸುದಾರರಿಲ್ಲದ ದುಃಖವಲ್ಲ. ಹುಸೇನರು ಹುಸೇನರಾಗಿಯೇ ಉಳಿಯುತ್ತಾರೆ; ಕೊಂದವನ ಹೆಸರು ಯಜೀದನೆಂದೇ ಇರುತ್ತದೆ. ಕೇಳಿದವನು ರಸದಲ್ಲಿ ಮಿಂದು ಹಗುರಾಗಿ ಮನೆಗೆ ಹೋಗಲೆಂದು ಆ ಹಾಡು ಹುಟ್ಟಲಿಲ್ಲ. ಒಂದು ಅನ್ಯಾಯ ನಡೆದುಹೋಯಿತು, ಅದು ನಿನಗೂ ಗೊತ್ತಿರಲಿ ಎಂದು ಹುಟ್ಟಿತು.

ಇನ್ನು ನೀರಿನ ಮಾತು. ಈ ಸೀಮೆಯವರಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೇಸಗೆಯಲ್ಲಿ ಭೀಮೆಯ ಪಾತ್ರ ಮರಳಾಗುತ್ತದೆ. ಒರತೆ ತೋಡಿ, ಬಟ್ಟಲಿನಿಂದ ಎತ್ತಿ ಕೊಡ ತುಂಬಿದ ಕೈಗಳು ಇಲ್ಲಿವೆ. ಮೇಲುಗಡೆ ಮಹಾರಾಷ್ಟ್ರದ ಉಜನಿ ಅಣೆಕಟ್ಟಿನಿಂದ ನೀರು ಬಿಡಿಸಿರೆಂದು ಅಫಜಲಪುರದವರು ಮೊರೆಯಿಡುವುದೂ ಹೊಸದಲ್ಲ. ಹೊಳೆ ಕಣ್ಣೆದುರಿಗಿದ್ದು ನೀರಿಲ್ಲದಿರುವುದೆಂದರೇನೆಂದು ಬಲ್ಲ ಹೆಂಗಸಿಗೆ ಫುರಾತಿನ ದಡದ ತಾಯಿ ಅಷ್ಟೇನೂ ದೂರದವಳಲ್ಲ. ಚಾಂದ್ರಮಾನದ ಹಬ್ಬವಾದ್ದರಿಂದ ಮೊಹರಮ್ ವರ್ಷ ವರ್ಷವೂ ಹತ್ತು ಹನ್ನೊಂದು ದಿನ ಹಿಂದೆ ಸರಿಯುತ್ತದೆ. 2025ರಲ್ಲಿ ಜುಲೈ ಮೊದಲ ವಾರ, ಹೊಲಗಳಲ್ಲಿ ತೊಗರಿ ಮೊಳೆಯುವ ಹೊತ್ತಿಗೆ ಬಂತು. ಕೆಲವು ವರ್ಷ ಮಳೆಯಲ್ಲಿ ನೆನೆಯುತ್ತ ಬಾಯಾರಿಕೆಯ ಹಾಡು ಹೇಳಬೇಕಾಗುತ್ತದೆ. ಆಗಲೂ ಅದು ಒಣ ಗಂಟಲಿನಿಂದಲೇ ಬಂದಂತಿರುತ್ತದೆ.

ಇಷ್ಟಾದರೂ ಪ್ರಶ್ನೆಯ ಕಹಿಯಾದ ಅರ್ಧ ಹಾಗೆಯೇ ಉಳಿದಿದೆ. ಅಮೆರಿಕದ ತತ್ತ್ವಜ್ಞಾನಿ ವಿಲಿಯಂ ಜೇಮ್ಸ್ 1890ರಲ್ಲಿ ಪ್ರಕಟಿಸಿದ ತನ್ನ ಮನಶ್ಶಾಸ್ತ್ರ ಗ್ರಂಥದಲ್ಲಿ ರಷ್ಯದ ಒಬ್ಬ ಶ್ರೀಮಂತ ಹೆಂಗಸಿನ ದೃಷ್ಟಾಂತ ಕೊಡುತ್ತಾನೆ. ನಾಟಕಶಾಲೆಯೊಳಗೆ ಅವಳು ಕಲ್ಪಿತ ಪಾತ್ರಗಳಿಗಾಗಿ ಕಣ್ಣೀರಿಡುತ್ತಿರುವಾಗ, ಹೊರಗೆ ಅವಳ ಗಾಡಿಯವನು ಕುಳಿತಲ್ಲಿಯೇ ಹಿಮದಲ್ಲಿ ಸೆಟೆದು ಸಾಯುತ್ತಿದ್ದಾನೆ. ಕೆಲಸಕ್ಕಿಳಿಯದ ಭಾವ ಅಭ್ಯಾಸವಾದರೆ ಮನುಷ್ಯನನ್ನು ಕೆಡಿಸುತ್ತದೆ ಎಂದು ಅವನ ಮತ. ಸಂಗೀತ ಕೇಳಿ ಮನಸ್ಸು ಕರಗಿತೋ, ಮನೆಗೆ ಹೋಗಿ ಅತ್ತೆಯೊಡನೆಯಾದರೂ ಎರಡು ಒಳ್ಳೆಯ ಮಾತಾಡು ಎಂಬ ಧಾಟಿಯಲ್ಲಿ ಅವನು ಉಪಾಯವನ್ನೂ ಸೂಚಿಸುತ್ತಾನೆ.

ರಷ್ಯದ ತನಕ ಹೋಗುವುದೇಕೆ? ಕರ್ಬಲೆಯ ಕೂಸಿಗೆ ನೀರು ಕೊಡಲಿಲ್ಲವೆಂದು ಅತ್ತ ಊರುಗಳಲ್ಲಿಯೇ ಬೆಳಗಾದರೆ ಬಾವಿಯ ಕಟ್ಟೆಗೆ ಕೆಲವರು ಬರಕೂಡದೆಂಬ ಕಟ್ಟಳೆ ನಡೆದುಕೊಂಡು ಬಂದಿತ್ತು. ಕೆಳಗೆ ನಿಂತು, ಮೇಲಿನವರು ಸುರಿದಾಗ ಹಿಡಿದುಕೊಳ್ಳಬೇಕು. ಅಂಬೇಡ್ಕರರು 1927ರ ಮಾರ್ಚಿನಲ್ಲಿ ಮಹಾಡದ ಚವದಾರ ಕೆರೆಯ ನೀರನ್ನು ಬೊಗಸೆಯಲ್ಲೆತ್ತಿ ಕುಡಿದದ್ದು ಇಂಥ ಕಟ್ಟಳೆಯ ವಿರುದ್ಧವೇ. ಕತ್ತಲ ರಾತ್ರಿಯಲ್ಲಿ ಯಜೀದನನ್ನು ಶಪಿಸಿದ ಬಾಯಿಯೇ ಮರುದಿನ ಬಾವಿಯ ಬಳಿ ಅದೇ ಮಾತನ್ನು ಆಡಿದರೆ ಆ ಹಾಡು ಎಲ್ಲಿ ಹೋಯಿತು?

ಇದಕ್ಕಿಂತಲೂ ಭಾರವಾದ ಲೆಕ್ಕವೊಂದಿದೆ. ಈ ಮೂರೂ ತಾಲೂಕುಗಳು 1948ರವರೆಗೆ ನಿಜಾಮನ ರಾಜ್ಯದವು. ಮೊದಲು ರಜಾಕಾರರ ಹಾವಳಿ; ಊರು ಬಿಟ್ಟು ಗಡಿ ದಾಟಿ ಓಡಿದವರ, ಸುಟ್ಟ ಮನೆಗಳ ಕಥೆ ಇಲ್ಲಿಯ ಹಳಬರ ಮನೆಗಳಲ್ಲಿ ಇಂದಿಗೂ ಇದೆ. ಆ ವರ್ಷದ ಸೆಪ್ಟೆಂಬರ್ 17ರಂದು ನಿಜಾಮನು ಶರಣಾದ ಮೇಲೆ ಸೇಡು ತಿರುಗಿ ಬಂತು. ಈ ಸಲ ಅದು ಬಿದ್ದದ್ದು ಸಾಮಾನ್ಯ ಮುಸಲ್ಮಾನರ ಮೇಲೆ. ಪಂಡಿತ ಸುಂದರಲಾಲ್ ಮತ್ತು ಅವರ ಜೊತೆಗಾರರನ್ನು ಭಾರತ ಸರಕಾರ ವಿಚಾರಣೆಗೆ ಕಳುಹಿಸಿತು. ಸಂಸ್ಥಾನದಲ್ಲೆಲ್ಲ ಸೇರಿ ಇಪ್ಪತ್ತೇಳರಿಂದ ನಲವತ್ತು ಸಾವಿರ ಜನ ಸತ್ತಿರಬೇಕೆಂದು ಅವರು ಅಂದಾಜು ಮಾಡಿದರು. ಅತ್ಯಂತ ಹೆಚ್ಚು ನೊಂದ ಜಿಲ್ಲೆಗಳಲ್ಲಿ ಗುಲಬರ್ಗಾ ಒಂದೆಂದರು. ನೆರೆಹೊರೆಯ ಹಿಂದೂಗಳು ಜೀವದ ಹಂಗು ತೊರೆದು ಮುಸಲ್ಮಾನರನ್ನು ಕಾಪಾಡಿದ ಪ್ರಸಂಗಗಳನ್ನೂ ದಾಖಲಿಸಿದರು. ಆ ವರದಿ ಬಹುಕಾಲ ಜನರ ಕೈಗೆ ಸಿಗಲಿಲ್ಲ. ಪಂಚಾಂಗ ತಿರುವಿ ನೋಡಿದರೆ ಆ ವರ್ಷದ ಮೊಹರಮ್ ಬಂದದ್ದು ನವೆಂಬರಿನಲ್ಲಿ, ಇದೆಲ್ಲ ಕಳೆದು ಎರಡು ತಿಂಗಳು ತುಂಬುವ ಮೊದಲೇ.

ಹುಸೇನರ ಹಾಡು ತಲೆತಲಾಂತರದಿಂದ ಬಲ್ಲ ಸೀಮೆಯಲ್ಲಿ ಇದು ನಡೆಯಿತು. ಹಾಡು ತಡೆಯಲಿಲ್ಲ. ಇದನ್ನು ಒಪ್ಪಿಕೊಳ್ಳದೆ ರಿವಾಯತನ್ನು ಹೊಗಳುವುದು ನನ್ನಿಂದಾಗದು. ವೇದಿಕೆಯ ಮೇಲೆ ‘ಭಾವೈಕ್ಯ’ವೆಂಬ ಮಾತು ಉರುಳತೊಡಗಿದೊಡನೆ ನನಗೆ ಎದ್ದುಹೋಗಬೇಕೆನಿಸುವುದೂ ಇದರಿಂದಲೇ. ಹಾಗಾದರೆ ಆ ಹಾಡು ಮಾಡಿದ್ದೇನು? ಕಾಪಾಡಿದವರು ಹಾಡಿನಿಂದ ಕಾಪಾಡಿದರೆಂದು ಹೇಳಲು ನನ್ನ ಬಳಿ ಆಧಾರವಿಲ್ಲ. ಒಂದನ್ನು ಮಾತ್ರ ಹೇಳಬಲ್ಲೆ. ಕರ್ಬಲೆಯನ್ನು ಒಮ್ಮೆ ಹಾಡಿದವನು, ಕೇಳಿದವನು, ತಪ್ಪು ಮಾಡುವಾಗ ‘ಇದು ತಪ್ಪೆಂದು ನನಗೆ ಗೊತ್ತಿರಲಿಲ್ಲ’ ಎನ್ನುವ ನೆಪವನ್ನು ಕಳೆದುಕೊಂಡಿರುತ್ತಾನೆ. ನೀರು ಮುಚ್ಚುವುದು ಏನೆಂದು ಅವನಿಗೆ ಗೊತ್ತು. ಬಹಳ ಜನ ಸೇರಿ ಕೆಲವರನ್ನು ಸುತ್ತುವರಿಯುವುದು ಏನೆಂದು ಗೊತ್ತು. ಗೊತ್ತಿದ್ದೂ ಮಾಡಿದವನಾಗುತ್ತಾನೆ. ಹಾಡು ಮನುಷ್ಯನನ್ನು ಒಳ್ಳೆಯವನನ್ನಾಗಿ ಮಾಡದು. ಅವನ ಕೇಡಿಗೆ ಅವನನ್ನೇ ಸಾಕ್ಷಿಯಾಗಿ ನಿಲ್ಲಿಸುತ್ತದೆ. ಇದು ಸಣ್ಣ ಕೆಲಸವೆಂದು ನನಗೆ ತೋರುವುದಿಲ್ಲ.

ಹಾಡಿನಿಂದ ಇಷ್ಟಕ್ಕಿಂತ ಹೆಚ್ಚನ್ನು ಬೇಡಿದವರೂ ಇದೇ ನೆಲದಲ್ಲಿದ್ದರು. ಅಫಜಲಪುರ ಸೀಮೆಯಲ್ಲಿ ಹುಟ್ಟಿ, ಹಿಂದೆ ಜೇವರ್ಗಿಗೆ ಸೇರಿದ್ದು ಈಗ ಯಡ್ರಾಮಿ ತಾಲೂಕಿನದಾಗಿರುವ ಕಡಕೋಳದಲ್ಲಿ ನೆಲೆನಿಂತ ಮಡಿವಾಳಪ್ಪನವರು ಹತ್ತೊಂಬತ್ತನೆಯ ಶತಮಾನದ ತತ್ತ್ವಪದಕಾರರು. ಚೆನ್ನೂರಿನ ಜಲಾಲಸಾಹೇಬರು ಅವರ ಶಿಷ್ಯರು. ಈ ಗುರುಶಿಷ್ಯರ ಪದಗಳು ಕೇಳುವವನನ್ನು ಅಳಲು ಬಿಡುವುದಿಲ್ಲ. ತಿರುಗಿ ನಿಂತು ಅವನನ್ನೇ ಗದರುತ್ತವೆ. ಏಕತಾರಿಯ ಮುಂದೆ ಕುಳಿತವನಿಗೆ ತನ್ನ ಜಾತಿ, ತನ್ನ ಸೋಗು, ತನ್ನ ಮೈಲಿಗೆಯ ಮಾತು ತನಗೇ ನಾಚಿಕೆಯಾಗಬೇಕು. ರಿವಾಯತ್ ಹೊರಗಿನ ಯಜೀದನನ್ನು ತೋರಿಸಿದರೆ ತತ್ತ್ವಪದ ಒಳಗಿನವನನ್ನು ಹುಡುಕುತ್ತದೆ. ಒಂದೇ ಊರಿನ ಒಂದೇ ಗಂಟಲು ಅಮಾವಾಸ್ಯೆಯ ಭಜನೆಯಲ್ಲಿ ಇದನ್ನೂ ಮೊಹರಮ್ಮಿನಲ್ಲಿ ಅದನ್ನೂ ಹಾಡುವುದನ್ನು ನಾನು ಕೇಳಿದ್ದೇನೆ. ಒಂದು ಇನ್ನೊಂದಕ್ಕೆ ಮದ್ದೆಂದು ಆ ಹಾಡುಗಾರನು ತಿಳಿದಿದ್ದನೋ ಇಲ್ಲವೋ, ರೂಢಿ ತಿಳಿದಿರಬೇಕು.

ಈಗ ಎರಡು ಕಡೆಯಿಂದಲೂ ಬೇರೆ ಮಾತು ಕೇಳಿಬರುತ್ತಿದೆ. ಪಂಜಾ ಹಿಡಿಯುವುದು, ಕುಣಿಯುವುದು ಧರ್ಮಸಮ್ಮತವಲ್ಲ ಎಂದು ಮುಸಲ್ಮಾನರಲ್ಲಿ ಕೆಲವರು ಹೇಳುತ್ತಾರೆ. ನಿಮಗೇಕೆ ಅನ್ಯರ ಹಬ್ಬ ಎಂದು ಹಿಂದೂಗಳಲ್ಲಿ ಕೆಲವರು ಹೇಳುತ್ತಾರೆ. ಇವರಿಬ್ಬರು ಒಬ್ಬರನ್ನೊಬ್ಬರು ಒಪ್ಪುವ ವಿಷಯ ಇದೊಂದೇ ಇರಬಹುದು: ಅವರವರ ದುಃಖ ಅವರವರಿಗಿರಲಿ. ಆಳಂದದಲ್ಲಿ ಲಾಡ್ಲೆ ಮಶಾಯಕರ ದರ್ಗಾದ ಆವರಣದೊಳಗೇ ರಾಘವಚೈತನ್ಯರ ಸನ್ನಿಧಿ ಇದೆ. 2022ರ ಮಾರ್ಚಿನ ಶಿವರಾತ್ರಿಯಂದು ಅಲ್ಲಿ ಕಲ್ಲು ತೂರಾಟವಾಯಿತು; ಆಮೇಲಿನ ಶಿವರಾತ್ರಿಗಳಲ್ಲಿ ನ್ಯಾಯಾಲಯದ ಅಪ್ಪಣೆ, ಎಣಿಕೆಯ ಜನಕ್ಕೆ ಪೂಜೆ, ಸುತ್ತ ಪೋಲೀಸರು. ಯಾರ ಹಕ್ಕು ಎಷ್ಟೆಂಬುದನ್ನು ನ್ಯಾಯಾಲಯಗಳು ತೀರ್ಮಾನಿಸಲಿ. ಹಕ್ಕಿನ ಮಾತು ಅಷ್ಟು ಬಿಗಿಯಾದ ಕಡೆ, ಹಕ್ಕಿಲ್ಲದ ದುಃಖವನ್ನು ಎತ್ತಿ ಹಾಡುವ ಮೇಳವೊಂದು ಇನ್ನೂ ಉಳಿದಿರುವುದು ನನಗೆ ಸೋಜಿಗವಾಗಿ ಕಾಣುತ್ತದೆ.

ಉಳಿದಿರುವುದೇನೋ ನಿಜ, ಅದಕ್ಕೂ ಒಂದು ಎಲ್ಲೆಯಿದೆ. ರಿವಾಯತಿನವರು ಕರ್ಬಲೆಯೊಂದನ್ನೇ ಹಾಡುವುದಿಲ್ಲ. ರಾಮಾಯಣ, ಭಾರತದ ಪ್ರಸಂಗಗಳುಂಟು. ಎದುರು ಮೇಳಕ್ಕೆ ಸವಾಲು ಹಾಕುವ ಪದಗಳುಂಟು. ಲೋಕದ ನಡತೆಯನ್ನು ಹಂಗಿಸುವ ಪದಗಳುಂಟು. ಆದರೆ 1948ರ ಮೇಲಿನ ಒಂದು ಪದವನ್ನೂ ನಾನು ಈವರೆಗೆ ಕೇಳಿಲ್ಲ, ರಜಾಕಾರರಿಂದ ಸತ್ತವರ ಮೇಲಿನದನ್ನೂ ಇಲ್ಲ, ಆಮೇಲೆ ಸತ್ತವರ ಮೇಲಿನದನ್ನೂ ಇಲ್ಲ. ಮೇಲೆ ಹೇಳಿದ ಮುತ್ಯಾನನ್ನು ಇದನ್ನೂ ಕೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದು, “ಅದು ಇನ್ನಾ ದೂರ ಹೋಗಿಲ್ರಿ ಸರ” ಎಂದರು. ಸತ್ತವರ ಮೊಮ್ಮಕ್ಕಳೂ ಕೊಂದವರ ಮೊಮ್ಮಕ್ಕಳೂ ಒಂದೇ ಸುತ್ತಿನಲ್ಲಿ ಹೆಜ್ಜೆ ಹಾಕುವ ಊರುಗಳಿರಬಹುದು. ಅಲ್ಲಿ ಸೊಲ್ಲೆತ್ತುವವನು ಯಾರು, ಮರಳಿ ಹಿಡಿಯುವವರು ಯಾರು? ಹಸುಗೂಸಿನ ಪ್ರಸಂಗದಲ್ಲಿ ಸೆರಗು ಕಣ್ಣಿಗೆ ಹೋಗುವಾಗ ಯಾವ ಯಾವ ಕೂಸುಗಳು ನೆನಪಾಗುತ್ತವೆಯೆಂದು ಯಾರೂ ಕೇಳುವುದಿಲ್ಲ, ಯಾರೂ ಹೇಳುವುದೂ ಇಲ್ಲ. ಮುತ್ಯಾನ ವಹಿಯನ್ನು ಈಗ ಅವರ ಮೊಮ್ಮಗ ಇಟ್ಟುಕೊಂಡಿದ್ದಾನೆ. ಹಳೆಯ ಪದಗಳನ್ನೆಲ್ಲ ಅವನು ಹೊಸ ಪುಸ್ತಕಕ್ಕೆ ನಕಲು ಮಾಡಿಕೊಂಡಿದ್ದಾನೆ. ಅದರ ಹಿಂದೆ ಹತ್ತಿಪ್ಪತ್ತು ಹಾಳೆ ಖಾಲಿ ಇವೆ.